ಸ್ನೇಕ್ ಈಟರ್ ಆಡುವವರಿಗೆ: ಕಾವಲಿನವರನ್ನು ಆಮೇಲೆ ನೋಡಿ, ಮೊದಲು ನೆಲ ನೋಡಿ

ಕಾಡುಹಾದಿ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ರಾತ್ರಿ ಊಟ ಆದ ಮೇಲೆ ದಿನಾ ಒಂದು ಗಂಟೆ 'ಮೆಟಲ್ ಗಿಯರ್ ಸಾಲಿಡ್ ಡೆಲ್ಟಾ: ಸ್ನೇಕ್ ಈಟರ್' ಆಡುತ್ತಿದ್ದೇನೆ. ಕಾಡಿನಲ್ಲಿ ಶತ್ರು ಕಾವಲಿನವರ ಕಣ್ಣು ತಪ್ಪಿಸಿ ಸಾಗುವ ವಿಡಿಯೋ ಗೇಮ್ ಇದು, ಹಳೆಯ ಆಟದ ಹೊಸ ರೂಪ. 2004ರ ಮೂಲ ಆಟವನ್ನು ಪ್ಲೇಸ್ಟೇಷನ್ 2ರಲ್ಲಿ ಆಡಿದ್ದೆ. ಆಗ ಕಾಲೇಜು ದಿನಗಳು. ಸಿಕ್ಕಿಬಿದ್ದರೆ ಓಡು, ಓಡಲು ಆಗದಿದ್ದರೆ ಗುಂಡು ಹಾರಿಸು, ಅಷ್ಟೇ ಗೊತ್ತಿದ್ದದ್ದು. ಈ ಸಲ ಯಾರನ್ನೂ ಕೊಲ್ಲದೆ, ಒಂದು ಸಲವೂ ಅಲರ್ಟ್ ಆಗದೆ, ಅಂದರೆ ಯಾರ ಕಣ್ಣಿಗೂ ಬೀಳದೆ, ಮುಗಿಸಬೇಕು ಅಂತ ಕೂತಿದ್ದೇನೆ.

ಹಾಗೆ ಆಡಲು ಹೊರಟ ಮೇಲೆ ಒಂದು ವಿಷಯ ಗೊತ್ತಾಯಿತು. ಇಲ್ಲಿ ತುಂಬ ಜನ ಕಾವಲಿನವರು ಎಲ್ಲಿದ್ದಾರೆ, ಯಾವ ಕಡೆ ತಿರುಗುತ್ತಾರೆ ಅಂತ ಕೇಳುತ್ತಾರೆ. ನಾನೂ ಅದನ್ನೇ ನೋಡುತ್ತಿದ್ದೆ. ಆದರೆ ಈ ಆಟದಲ್ಲಿ ನಿಮ್ಮನ್ನು ಕಾಪಾಡುವುದು ಕಾಲ ಕೆಳಗಿನ ನೆಲ. ಪರದೆಯ ಮೇಲೆ ಬಲಗಡೆ ಮೂಲೆಯಲ್ಲಿ ಕ್ಯಾಮೋ ಇಂಡೆಕ್ಸ್, ಅಂದರೆ ನೀವು ಎಷ್ಟು ಮರೆಯಾಗಿದ್ದೀರಿ ಅನ್ನುವ ಅಂಕಿ, ಶೇಕಡಾ ಲೆಕ್ಕದಲ್ಲಿ ಕಾಣುತ್ತದಲ್ಲ, ಅದು ನೀವು ಹಾಕಿದ ಬಟ್ಟೆಯ ಅಂಕ ಅಂದುಕೊಳ್ಳಬೇಡಿ. ಆ ಬಟ್ಟೆ, ಆ ಮುಖದ ಬಣ್ಣ, ನೀವು ನಿಂತಿದ್ದೀರೋ ಮಲಗಿದ್ದೀರೋ, ಅಲುಗಾಡುತ್ತಿದ್ದೀರೋ ಇಲ್ಲವೋ, ಎಲ್ಲವೂ ಆ ಒಂದು ತುಂಡು ನೆಲಕ್ಕೆ ಎಷ್ಟು ಹೊಂದುತ್ತದೆ ಅನ್ನುವುದರ ಲೆಕ್ಕ ಅದು. ಎರಡು ಹೆಜ್ಜೆ ಆಚೆ ಹೋದರೆ ಲೆಕ್ಕವೇ ಬೇರೆ.

ಉದಾಹರಣೆಗೆ ಆಟದ ಶುರುವಿನ ಕಡೆ ಬರುವ ಡ್ರೆಮುಚಿ ಕಾಡಿನ ಉತ್ತರ ಭಾಗ. ಲೀಫ್ ಯೂನಿಫಾರ್ಮ್ ಹಾಕಿ, ಮುಖಕ್ಕೆ ವುಡ್‌ಲ್ಯಾಂಡ್ ಬಣ್ಣ ಬಳಿದು ಹುಲ್ಲಿನಲ್ಲಿ ಬೋರಲು ಮಲಗಿದ್ದೆ. ಇಂಡೆಕ್ಸ್ 80ರ ಮೇಲೆ. ಒಬ್ಬ ಕಾವಲಿನವನು ನನ್ನ ಮೊಣಕೈ ಪಕ್ಕದಲ್ಲೇ ಬೂಟು ಊರಿ ಹೋದ. ಆ ಬೂಟಿನ ಹಿಮ್ಮಡಿಯ ಕೆಸರು ಕಾಣುವಷ್ಟು ಹತ್ತಿರ. ಅವನು ದಾಟಿದ ಮೇಲೆ ಇನ್ನೇನು ಅಂತ ಹುಲ್ಲು ಬಿಟ್ಟು ಬರಿಮಣ್ಣಿನ ದಾರಿಗೆ ತೆವಳಿದೆ. ಅದೇ ಬಟ್ಟೆ, ಅದೇ ಬಣ್ಣ, ಅದೇ ತೆವಳಾಟ. ಅಂಕಿ ಸರ್ರನೆ ಇಳಿಯಿತು. ಅವನು ತಿರುಗಿ ನೋಡಿದ, ಮುಗಿಯಿತು. ನಾನು ಅವನ ಬೆನ್ನು ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಹುಲ್ಲು ಎಲ್ಲಿ ಮುಗಿಯುತ್ತದೆ ಅನ್ನುವುದನ್ನು.

ಆದ್ದರಿಂದ ಈ ಚರ್ಚೆಯ ಎಳೆ. ಹುಲ್ಲು, ಕೆಸರು, ನೀರು, ಗುಹೆ, ಬಂಡೆ, ಕಾಂಕ್ರೀಟು: ಯಾವ ಜಾಗದಲ್ಲಿ ನೀವು ಹೇಗೆ ಸಾಗುತ್ತೀರಿ ಬರೆಯಿರಿ. ಹೊಸಬರಿಗೆ ಉಪಯೋಗ ಆಗುತ್ತದೆ. ನನಗೂ ಬೇಕು.


ಹೊಸಬ24
ಅಣ್ಣ, ಸರಿಯಾದ ಹೊತ್ತಿಗೆ ಹಾಕಿದಿರಿ. ನಾನು ಈ ಸರಣಿಯ ಒಂದು ಆಟವನ್ನೂ ಆಡಿದವನಲ್ಲ, ಡೆಲ್ಟಾದಿಂದಲೇ ಶುರು. ಶುರುವಿನ ಜೌಗಿನಲ್ಲೇ ಎರಡು ಸಂಜೆ ಕಳೆದೆ. ಕೆಸರಿಗೆ ಇಳಿದರೆ ಮುಳುಗುತ್ತೇನೆ. ಮುಳುಗದಿದ್ದರೆ ಮೊಸಳೆ ಬಾಲದಿಂದ ಬಾರಿಸುತ್ತದೆ. ಏನು ಮಾಡಲಿ?


ಕಾಡುಹಾದಿ
@ಹೊಸಬ24 ಅಲ್ಲಿ ಆತುರ ಬೇಡ. ಆ ಜಾಗದಲ್ಲಿ ಶತ್ರು ಯಾರೂ ಇಲ್ಲ, ಆದ್ದರಿಂದ ನಿಂತು ಸುತ್ತ ನೋಡಲು ಬೇಕಾದಷ್ಟು ಸಮಯ ಇದೆ. ಆಳವಾದ ಕೆಸರಿನಲ್ಲಿ ನೀವು ನಿಧಾನಕ್ಕೆ ಇಳಿಯುತ್ತಾ ಹೋಗುತ್ತೀರಿ. ನಡುವೆ ನಿಂತು ಯೋಚಿಸಿದಿರೋ ಕೆಟ್ಟಿರಿ. ಇಳಿಯುವ ಮೊದಲೇ ಎಲ್ಲಿ ಹತ್ತುತ್ತೇನೆ ಅಂತ ಗುರುತು ಮಾಡಿಕೊಳ್ಳಿ, ಆಮೇಲೆ ನಿಲ್ಲದೆ ಹೋಗಿ. ಮೊಸಳೆಗೆ ದೂರದಿಂದಲೇ ಎಂಕೆ22 ಪಿಸ್ತೂಲಿನಿಂದ ಮಂಪರು ಮದ್ದಿನ ಗುಂಡು ಹೊಡೆದು ಮಲಗಿಸಬಹುದು. ಅವಸರದಲ್ಲಿ ಅದರ ಪಕ್ಕದಲ್ಲೇ ಹಾದುಹೋಗಬೇಡಿ, ಬಾಲ ನಾವು ಅಂದುಕೊಂಡದ್ದಕ್ಕಿಂತ ಉದ್ದ ಬರುತ್ತದೆ.


ತುಂಗೆತೀರ
ನೀರು, ಕೆಸರು ಅಂದಾಗ ಜಿಗಣೆ ಮರೆಯಬೇಡಿ. ಮಲೆನಾಡಿನವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲಬೆರಳ ಸಂದಿಯಲ್ಲಿ ಇಂಬಳ ಇದ್ದೇ ಇರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಸುಣ್ಣ, ಹೊಗೆಸೊಪ್ಪು ತಾಗಿಸಿ ಬಿಡಿಸುತ್ತಿದ್ದರು. ಆಟದಲ್ಲೂ ಹಾಗೆಯೇ. ನೀರಿನಿಂದ ಎದ್ದು ಬಂದಿರುತ್ತೀರಿ, ಎಲ್ಲ ಸರಿ ಇದೆ ಅನಿಸುತ್ತದೆ, ಆದರೆ ಸ್ಟ್ಯಾಮಿನಾ ಸುಮ್ನೆ ಇಳಿಯುತ್ತಿರುತ್ತದೆ. ಮೈಮೇಲಿನ ಗಾಯ ನೋಡಿ ವಾಸಿ ಮಾಡುವ ಸರ್ವೈವಲ್ ವ್ಯೂವರ್ ಮೆನು ತೆಗೆದು ನೋಡಿದರೆ ಮೈಗೆ ಜಿಗಣೆ ಅಂಟಿರುತ್ತದೆ. ಅಲ್ಲಿ ಸಿಗಾರ್‌ನಿಂದ ಸುಟ್ಟು ತೆಗೆಯಬೇಕು.

ನಾನು ಮೊದಲ ಸಲ ಅದನ್ನು ನೋಡಿದಾಗ ನನಗೇ ಗೊತ್ತಿಲ್ಲದೆ ಬಗ್ಗಿ ನನ್ನ ಪಾದ ನೋಡಿಕೊಂಡೆ. ಈ ಆಟ ಮಾಡಿದವರು ಕಾಡನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ ಅಂತ ಅವತ್ತು ಅನಿಸಿತು. ಜೌಗು ದಾಟಿದ ಮೇಲೆ ಪ್ರತಿಸಲ ಮೈ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.


ಬಿಳಿಹಾಳೆ
ಕಾಡನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕತೆ ನಡೆಯುವುದು 1964ರಲ್ಲಿ, ಸೋವಿಯತ್ ಒಕ್ಕೂಟದೊಳಗೆ, ತ್ಸೆಲಿನೊಯಾರ್ಸ್ಕ್ ಅನ್ನುವ ಕಲ್ಪಿತ ಜಾಗದಲ್ಲಿ. ಅಲ್ಲಿ ರೆಟಿಕ್ಯುಲೇಟೆಡ್ ಹೆಬ್ಬಾವು ಹೇಗೆ ಬಂತು? ಆ ಮೊಸಳೆಯ ಹೆಸರೇ ಆಟದಲ್ಲಿ ಇಂಡಿಯನ್ ಗೇವಿಯಲ್. ಅಂದರೆ ನಮ್ಮ ಘರಿಯಾಲ್. ಅದು ಚಂಬಲ್, ಗಂಗೆ ಕಡೆಯ ಪ್ರಾಣಿ. ಆ ಉದ್ದ ತೆಳ್ಳನೆ ಮೂತಿ ಇರುವುದೇ ಮೀನು ಹಿಡಿಯಲು, ಮನುಷ್ಯರ ಮೇಲೆ ಬೀಳುವ ಜಾತಿಯಲ್ಲ. ನಮ್ಮ ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಮಲಗಿರುವುದು ಮಗ್ಗರ್, ಅದು ಬೇರೆ.

ಆಟ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಘರಿಯಾಲ್ ಅಳಿವಿನ ಅಂಚಿನಲ್ಲಿರುವ ಪ್ರಾಣಿ. ಅದನ್ನು ನರಭಕ್ಷಕ ಅಂತ ಯಾರೂ ತಿಳಿಯಬಾರದು, ಅಷ್ಟೇ ನನ್ನ ಕಾಳಜಿ.


ತುಂಗೆತೀರ
@ಬಿಳಿಹಾಳೆ ಇದು ಸರಿಯಾದ ಮಾತು ಸರ್. ನನಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಅದನ್ನು ಮಲಗಿಸಿ ದಾಟುತ್ತೇನೆ.


ಮಾಸ್ಕೋಚಳಿ
ಜಾಗ ಕಲ್ಪಿತವೇ ಇರಬಹುದು, ಹೆಸರುಗಳು ಮಾತ್ರ ನಿಜವಾದ ರಷ್ಯನ್. ನಾನು ಮೆಡಿಕಲ್ ಓದಿದ್ದು ಅಲ್ಲೇ, ಆರು ವರ್ಷ ಆ ಭಾಷೆಯಲ್ಲೇ ತರಕಾರಿ ಕೊಂಡಿದ್ದೇನೆ. ಈ ಎಳೆಗೆ ಒಂದು ಉಪಯೋಗದ ವಿಷಯ ಹೇಳುತ್ತೇನೆ. ಹೊಸ ಜಾಗಕ್ಕೆ ಕಾಲಿಟ್ಟಾಗ ಪರದೆ ಮೇಲೆ ಹೆಸರು ಬರುತ್ತದಲ್ಲ, ಅದನ್ನು ಸುಮ್ನೆ ಬಿಡಬೇಡಿ. ಹೆಸರೇ ನೆಲದ ಸುಳಿವು.

ಡ್ರೆಮುಚಿ ಅಂದರೆ ದಟ್ಟವಾದ, ಬಿಸಿಲು ಬೀಳದ ಕಾಡಿಗೆ ಹೇಳುವ ಮಾತು. ದೊಲಿನೊವೊದ್ನೊ ಅನ್ನುವುದರಲ್ಲಿ ಕಣಿವೆ ಮತ್ತು ನೀರು ಎರಡೂ ಇವೆ. ಅಲ್ಲೇ ತೂಗುಸೇತುವೆ. ಚೋರ್ನಿ ಪ್ರುಡ್ ಅಂದರೆ ಕಪ್ಪು ಕೊಳ. ಈಜಬೇಕು, ಸಿದ್ಧರಾಗಿ. ಬೊಲ್ಶಾಯಾ ಪಾಸ್ಟ್ ಅಂದರೆ ದೊಡ್ಡ ಬಾಯಿ, ಪ್ರಾಣಿಯ ತೆರೆದ ಬಾಯಿ. ಆ ಹೆಸರಿನ ಕೊನೆಯ ಜಾಗದಲ್ಲಿ ನೆಲ ಬಾಯಿ ಬಿಟ್ಟಿರುತ್ತದೆ, ಬಿರುಕಿಗೆ ಬಿದ್ದರೆ ಸತ್ತಿರಿ. ಚೋರ್ನಾಯಾ ಪೆಶ್ಚೆರಾ, ಕಪ್ಪು ಗುಹೆ. ಪೊನಿಜೋವ್ಯೆ ಅಂದರೆ ನದಿಯ ಕೆಳಪಾತ್ರ. ಕ್ರಾಸ್ನೊಗೋರ್ಯೆಯಲ್ಲಿ ಕೆಂಪು ಮತ್ತು ಬೆಟ್ಟ ಸೇರಿವೆ. ಸೊಕ್ರೊವೆನ್ನೊ ಅಂದರೆ ಅಡಗಿಸಿಟ್ಟ ಹಾಗೆ, ಗುಟ್ಟಾಗಿ. ಅಲ್ಲಿ ನಿಮಗಾಗಿ ಯಾರು ಅಡಗಿದ್ದಾರೆ ಅಂತ ಆಡಿದವರಿಗೆ ಗೊತ್ತು.

ನಮ್ಮಲ್ಲೂ ಹೀಗೇ ಅಲ್ವಾ? ಊರ ಹೆಸರಿನ ಕೊನೆಗೆ ಕೆರೆ, ಕಟ್ಟೆ, ಹಳ್ಳ, ಗುಡ್ಡ ಇದ್ದರೆ ನೆಲ ಹೇಗಿರಬಹುದು ಅಂತ ನೋಡುವ ಮೊದಲೇ ಗೊತ್ತಾಗುತ್ತದೆ.


ಕಾಡುಹಾದಿ
@ಮಾಸ್ಕೋಚಳಿ ಇಪ್ಪತ್ತು ವರ್ಷದಿಂದ ಈ ಹೆಸರುಗಳನ್ನು ಬರಿ ಸದ್ದಾಗಿ ಕೇಳಿದ್ದೆ ಸರ್. ಬೊಲ್ಶಾಯಾ ಪಾಸ್ಟ್ ಅಂದರೆ ತೆರೆದ ಬಾಯಿ ಅಂತ ಓದಿ ಮೈ ಜುಂ ಅಂದಿತು. ತುಂಬ ಧನ್ಯವಾದ.


ರಾತ್ರಿಪಾಳಿ
ನನಗೆ ಹುಟ್ಟಿನಿಂದಲೇ ಕೆಂಪು-ಹಸಿರು ಬಣ್ಣದ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಬಟ್ಟೆ ನೆಲಕ್ಕೆ ಹೊಂದುತ್ತದೋ ಇಲ್ಲವೋ ಕಣ್ಣಿನಿಂದ ಹೇಳಲು ನನ್ನಿಂದ ಆಗುವುದಿಲ್ಲ. ಟೈಗರ್ ಸ್ಟ್ರೈಪ್, ಲೀಫ್, ಆಲಿವ್ ಡ್ರ್ಯಾಬ್ ಮೂರೂ ನನಗೆ ಒಂದೇ ಥರ. ಆದರೂ ಈ ಆಟದಲ್ಲಿ ನನಗೆ ತೊಂದರೆ ಆಗಿಲ್ಲ, ಯಾಕೆಂದರೆ ಅಂಕಿ ಇದೆ. ನಾನು ಅಂಕಿ ಓದಿಯೇ ನೆಲ ಓದುತ್ತೇನೆ.

ಜಾಗದ ಅಂಚಿನಲ್ಲಿ ನಿಂತು, ಯಾರೂ ನೋಡದಿದ್ದಾಗ, ಒಂದೊಂದೇ ಬಟ್ಟೆ ಬದಲಿಸಿ ಅಂಕಿ ನೋಡುತ್ತೇನೆ. ನೆನಪಿಟ್ಟುಕೊಂಡಿರುವುದು ಇಷ್ಟು: ಹುಲ್ಲಿಗೆ ಲೀಫ್. ಮಣ್ಣು, ಕೆಸರಿಗೆ ಟೈಗರ್ ಸ್ಟ್ರೈಪ್. ಮರಕ್ಕೆ ಬೆನ್ನು ಆನಿಸಿದರೆ ಟ್ರೀ ಬಾರ್ಕ್. ಇಟ್ಟಿಗೆ ಕಟ್ಟಡದಲ್ಲಿ ಸ್ಕ್ವೇರ್ಸ್. ಕತ್ತಲಲ್ಲಿ ಬ್ಲ್ಯಾಕ್. ಬಂಡೆ, ಮರಳಿಗೆ ಚಾಕೊ ಚಿಪ್. ಉಳಿದದ್ದನ್ನು ಅಂಕಿಯೇ ಹೇಳುತ್ತದೆ.

ಬಣ್ಣ ಕಾಣುವವರಿಗೂ ಒಂದು ಮಾತು. ಕಣ್ಣನ್ನು ನಂಬಬೇಡಿ. ಹಸಿರು ಕಾಡು ಅಂತ ಹಸಿರು ಬಟ್ಟೆ ಹಾಕುತ್ತೀರಿ, ಆದರೆ ನೀವು ಮಲಗಿರುವುದು ಕಂದು ಮಣ್ಣಿನ ಮೇಲೆ. ನನ್ನ ತಮ್ಮನಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ಅವನು ಯಾವಾಗಲೂ ಈ ತಪ್ಪು ಮಾಡುತ್ತಾನೆ.


ಸಂಪಿಗೆ_ರಸ್ತೆ
ನನಗೆ ಈ ಬಟ್ಟೆ ಬದಲಿಸುವ ಕೆಲಸವೇ ಬೇಸರ. ಮೂಲ ಆಟದಲ್ಲಿ ಹತ್ತು ಹೆಜ್ಜೆಗೊಮ್ಮೆ ಆಟ ನಿಲ್ಲಿಸಿ, ಮೆನು ತೆಗೆದು, ಬಟ್ಟೆ ಹುಡುಕಿ, ಮುಖದ ಬಣ್ಣ ಹುಡುಕಿ... ಕಾಡಿನಲ್ಲಿ ಇದ್ದೇನೆ ಅನ್ನುವ ಭಾವನೆಯೇ ಹೋಗುತ್ತಿತ್ತು. ಡೆಲ್ಟಾದಲ್ಲಿ ಡಿ-ಪ್ಯಾಡ್ (ಕಂಟ್ರೋಲರ್‌ನ ದಿಕ್ಕಿನ ಗುಂಡಿ) ಒತ್ತಿ ಹಿಡಿದರೆ ಬೇಗ ಬದಲಾಗುತ್ತದೆ, ಅದು ಒಳ್ಳೆಯದು. ಆದರೂ ಸ್ಪರ್ಧೆಗೆ ವೇಷ ಹಾಕಿದ ಹಾಗೆ ಅನಿಸುತ್ತದೆ. ನಾನು ಟೈಗರ್ ಸ್ಟ್ರೈಪ್ ಒಂದನ್ನೇ ಹಾಕಿಕೊಂಡು ಇಡೀ ಕಾಡು ದಾಟಿದ್ದೇನೆ. ಬಟ್ಟೆಗಿಂತ ನಡಿಗೆ ಮುಖ್ಯ.


ಕಾಡುಹಾದಿ
@ಸಂಪಿಗೆ_ರಸ್ತೆ ಅಕ್ಕ, ನೀವು ಬೇರೆ ದಾರಿಯಲ್ಲಿ ನನ್ನ ಮಾತಿಗೇ ಬಂದಿರಿ. ಒಂದೇ ಬಟ್ಟೆಯಲ್ಲಿ ದಾಟಲು ನಿಮಗೆ ಆಗಿದೆ ಅಂದರೆ ನೀವು ಆ ಬಟ್ಟೆಗೆ ಹೊಂದುವ ನೆಲ ಹುಡುಕಿ ಅದರ ಮೇಲೆ ಹೋಗಿದ್ದೀರಿ. ನಾವು ನೆಲಕ್ಕೆ ತಕ್ಕ ಬಟ್ಟೆ ಹಾಕುತ್ತೇವೆ, ನೀವು ಬಟ್ಟೆಗೆ ತಕ್ಕ ನೆಲ ಆರಿಸುತ್ತೀರಿ. ನಿಮ್ಮದು ಕಷ್ಟದ ದಾರಿ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೀರಾ?


ಸಂಪಿಗೆ_ರಸ್ತೆ
ಬರೆಯಲು ಅಂಥದ್ದೇನಿಲ್ಲ. ಮರದಿಂದ ಮರಕ್ಕೆ ಹೋಗುತ್ತೇನೆ, ದಾರಿಯ ನಡುವೆ ಹೋಗುವುದಿಲ್ಲ. ಓಡುವುದೇ ಇಲ್ಲ. ಓಡಿದರೆ ಅಂಕಿ ಬೀಳುತ್ತದೆ, ಸದ್ದೂ ಆಗುತ್ತದೆ. ನಿಲ್ಲಬೇಕಾದಾಗ ಕುಳಿತುಕೊಳ್ಳುತ್ತೇನೆ, ಕುಳಿತಲ್ಲಿ ಕಂಡರೆ ಮಲಗುತ್ತೇನೆ. ಹುಲ್ಲಿನಲ್ಲಿ ವೇಗವಾಗಿ ಹೋದರೆ ಸರಸರ ಅನ್ನುತ್ತದೆ, ಅವರಿಗೆ ಕೇಳಿಸುತ್ತದೆ. ನೀರಿನಲ್ಲಿ ಪಚಪಚ. ಕಬ್ಬಿಣದ ಜಾಲರಿ ಮೇಲೆ ಟಣಟಣ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮೂಲ ಆಟದಲ್ಲಿ ಡಿ-ಪ್ಯಾಡ್ ಒತ್ತಿದರೆ ಸದ್ದಿಲ್ಲದ ಕಳ್ಳಹೆಜ್ಜೆ ಇತ್ತು. ಎಷ್ಟೋ ಜನ ಅದನ್ನು ಮುಟ್ಟಲೇ ಇಲ್ಲ. ನಾನು ಅದರಲ್ಲೇ ಆಡಿ ಮುಗಿಸಿದೆ.

ಕಣ್ಣು ಮುಚ್ಚಿ ನೆಲ ಕೇಳಿ. ಹೆಡ್‌ಫೋನ್ ಹಾಕಿಕೊಂಡು ಒಂದು ದಿನ ಆಡಿ ನೋಡಿ, ಗೊತ್ತಾಗುತ್ತದೆ.


ಹೊಸಬ24
ಜೌಗು ದಾಟಿದೆ! ಇಳಿಯುವ ಮೊದಲೇ ಹತ್ತುವ ಜಾಗ ನೋಡಿಕೊಂಡೆ. ಮೈಯಲ್ಲಿ ಎರಡು ಜಿಗಣೆ ಇದ್ದವು, ಸುಟ್ಟೆ. ತುಂಗೆತೀರ ಸರ್‌ಗೆ ಥ್ಯಾಂಕ್ಸ್.


ಪಿಎಸ್2ಕಾಲ
ಹಳೆಯ ಕ್ಯಾಮೆರಾದಲ್ಲಿ ಆಡಿದವರು ಬೇರೆ ಯಾರಾದರೂ ಇದ್ದೀರಾ? ಮೊದಲ ಆವೃತ್ತಿಯಲ್ಲಿ ಕ್ಯಾಮೆರಾ ಮೇಲಿನಿಂದ ನೋಡುತ್ತಿತ್ತು, ನಾವು ತಿರುಗಿಸಲು ಆಗುತ್ತಿರಲಿಲ್ಲ. ಎದುರು ಹತ್ತು ಮಾರು ದೂರದಲ್ಲಿ ಏನಿದೆ ಗೊತ್ತಾಗದು. ಆಮೇಲೆ ಬಂದ ಸಬ್ಸಿಸ್ಟೆನ್ಸ್ ಆವೃತ್ತಿಯಲ್ಲಿ ತಿರುಗಿಸುವ ಕ್ಯಾಮೆರಾ ಕೊಟ್ಟರು. ಡೆಲ್ಟಾದಲ್ಲೂ ಲೆಗಸಿ ಸ್ಟೈಲ್ ಅಂತ ಆ ಹಳೆಯ ನೋಟ ಇದೆ, ನ್ಯೂ ಸ್ಟೈಲ್ ಅಂತ ಭುಜದ ಹಿಂದಿನ ನೋಟ ಇದೆ.

ನಾನು ಹೇಳುವುದೇನೆಂದರೆ, ಒಂದು ಸಲವಾದರೂ ಲೆಗಸಿಯಲ್ಲಿ ಆಡಿ. ಶತ್ರು ಕಾಣದಿದ್ದಾಗ ನೆಲ ಬಿಟ್ಟು ನೋಡಲು ಬೇರೇನೂ ಇರುವುದಿಲ್ಲ. ಆಗ ಹುಲ್ಲಿನ ಅಂಚು, ಮರದ ಬುಡ, ಬಿದ್ದ ದಿಮ್ಮಿ ಎಲ್ಲ ಕಣ್ಣಿಗೆ ಬೀಳತೊಡಗುತ್ತವೆ. ಈ ಎಳೆ ಶುರು ಮಾಡಿದವರು ಹೇಳಿದ ಪಾಠ ನಮಗೆ ಆ ಕ್ಯಾಮೆರಾ ಬಲವಂತವಾಗಿ ಕಲಿಸಿತ್ತು.


ಸಂಪಿಗೆ_ರಸ್ತೆ
ಇಲ್ಲ, ಅದು ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಕಲಿಸಿದ್ದಕ್ಕಿಂತ ಸಾಯಿಸಿದ್ದೇ ಜಾಸ್ತಿ. ಹೊಸಬರು ದಯವಿಟ್ಟು ನ್ಯೂ ಸ್ಟೈಲ್‌ನಲ್ಲೇ ಆಡಿ. ಕುಳಿತ ಹಾಗೇ ನಡೆಯಲು ಬರುವುದು ಅದರಲ್ಲಿ ದೊಡ್ಡ ಅನುಕೂಲ.


ಕಿರುತೊರೆ
ಗುಹೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನಗೆ ಆಟದಲ್ಲೇ ಅತಿ ಇಷ್ಟವಾದ ಜಾಗ ಚೋರ್ನಾಯಾ ಪೆಶ್ಚೆರಾ.

ಬೊಲ್ಶಾಯಾ ಪಾಸ್ಟ್‌ನ ಕೊನೆಗೆ ಕತೆಯೇ ನಮ್ಮನ್ನು ಬಿರುಕಿಗೆ ಬೀಳಿಸುತ್ತದೆ, ಆಗ ಸಾಯುವುದಿಲ್ಲ. ಬಿದ್ದು ಎದ್ದಾಗ ಪರದೆ ಪೂರ್ತಿ ಕಪ್ಪು. ಮೊದಲ ಸಲ ಆಡುವವರು ಟಿವಿಯ ಬ್ರೈಟ್‌ನೆಸ್ ಜಾಸ್ತಿ ಮಾಡುತ್ತಾರೆ. ನಾನೂ ಮಾಡಿದ್ದೆ. ಮಾಡಬೇಡಿ. ಸುಮ್ನೆ ಅಲ್ಲೇ ನಿಂತುಕೊಳ್ಳಿ. ಅಲುಗಾಡದೆ ಕಾಯಿರಿ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಅಂಚು ಬೂದು ಬಣ್ಣದಲ್ಲಿ ಮೆಲ್ಲಗೆ ಕಾಣಿಸುತ್ತದೆ. ಆಮೇಲೆ ನೆಲ. ಆಮೇಲೆ ನೀರಿನ ಹೊಳಪು. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವುದನ್ನು ಆಟದೊಳಗೇ ಇಟ್ಟಿದ್ದಾರೆ. ನಮ್ಮ ಅಜ್ಜಿಮನೆಯಲ್ಲಿ ಕರೆಂಟು ಹೋದಾಗ ಅಜ್ಜಿ ಹೇಳುತ್ತಿದ್ದದ್ದೂ ಅದನ್ನೇ: ದೀಪ ಹುಡುಕಬೇಡ, ನಿಂತಲ್ಲೇ ನಿಲ್ಲು, ಕಾಣಿಸುತ್ತದೆ.

ಕಾಯಲು ಆಗದವರಿಗೆ ಗುಹೆಯಲ್ಲೇ ಟಾರ್ಚ್ ಸಿಗುತ್ತದೆ, ಅಂದರೆ ಬೆಂಕಿಯ ಪಂಜು. ಬಾವಲಿಗಳಿಗೂ ಅದು ಒಳ್ಳೆಯ ಆಯುಧ. ಹೊಳೆಯುವ ಅಣಬೆ ಸಿಕ್ಕರೆ ಎತ್ತಿಟ್ಟುಕೊಳ್ಳಿ, ಅದನ್ನು ತಿಂದರೆ ಬ್ಯಾಟರಿ ತುಂಬುತ್ತದೆ. ಇದು ಆಟದಲ್ಲಿ ಮಾತ್ರ ಸಾಧ್ಯ, ನಿಜವಾದ ಕಾಡಿನಲ್ಲಿ ಗೊತ್ತಿಲ್ಲದ ಅಣಬೆ ಮುಟ್ಟಬೇಡಿ.

ಕಣ್ಣು ಹೊಂದಿಕೊಂಡ ಮೇಲೆ ಪಂಜು ಹಚ್ಚದೆ ಪೂರ್ತಿ ಗುಹೆ ಒಮ್ಮೆ ನಡೆದು ನೋಡಿ. ಆ ನಡಿಗೆಯೇ ಬೇರೆ.


ಬಿಳಿಹಾಳೆ
ಬೇರೆ ಜಾಗಗಳಿಗೂ ಸೇರುವ ಒಂದು ಸಂಗತಿ: ಬೆನ್ನಚೀಲದ ತೂಕ. ಕೈಗೆತ್ತಿಕೊಂಡಿರುವ ಸಾಮಾನು ಜಾಸ್ತಿಯಾದಷ್ಟೂ ಸ್ಟ್ಯಾಮಿನಾ ಬೇಗ ಕರಗುತ್ತದೆ. ಬೇಡದ ಬಂದೂಕನ್ನು ಚೀಲದೊಳಗೇ ಬಿಡಿ. ಈಜುವಾಗ, ಕೊಂಬೆಗೆ ಜೋತು ಬಿದ್ದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಸ್ಟ್ಯಾಮಿನಾ ತೀರಾ ಇಳಿದರೆ ಗುರಿ ಹಿಡಿಯುವಾಗ ಕೈ ನಡುಗುತ್ತದೆ. ಹೊಟ್ಟೆ ಗುರ್ ಅನ್ನುತ್ತದೆ. ಆ ಸದ್ದು ಪಕ್ಕದ ಕಾವಲಿನವನಿಗೆ ಕೇಳಿಸುತ್ತದೆ. ಎಷ್ಟು ಚೆನ್ನಾಗಿ ಅಡಗಿದ್ದರೂ ಹಸಿವು ಹಿಡಿದುಕೊಡುತ್ತದೆ.

ಹಾವು, ಕಪ್ಪೆ ಸತ್ತದ್ದನ್ನು ಹೊತ್ತರೆ ದಿನ ಕಳೆದಂತೆ ಕೆಡುತ್ತವೆ. ಮಂಪರು ಬರಿಸಿ ಜೀವಂತ ಹಿಡಿದರೆ ಬೋನಿನಲ್ಲಿ ಇರುತ್ತವೆ, ಕೆಡುವುದಿಲ್ಲ. ಕಾಡು ಇರುವ ಜಾಗದಲ್ಲೇ ಹಿಡಿದಿಟ್ಟುಕೊಳ್ಳಿ. ಮುಂದೆ ಬಂಡೆ, ಕಾಂಕ್ರೀಟಿನ ಜಾಗ ಬಂದಾಗ ಊಟಕ್ಕೆ ಪರದಾಡಬೇಕಾಗುತ್ತದೆ.


ಚಿಕ್ಕಿ
ಸೊಕ್ರೊವೆನ್ನೊ ಬಗ್ಗೆ ನಾನು ಬರೆಯಲೇಬೇಕು. ಆಡದವರು ಈ ಉತ್ತರ ಬಿಟ್ಟು ಮುಂದಕ್ಕೆ ಹೋಗಿ, ಕತೆ ಸ್ವಲ್ಪ ಗೊತ್ತಾಗುತ್ತದೆ.

ಇಲ್ಲಿ ಎದುರಿಗೆ ಇರುವುದು ದಿ ಎಂಡ್ ಅನ್ನುವ ಮುದುಕ. ದೂರದಿಂದ ಬಂದೂಕು ಹೊಡೆಯುವವನು. ಮೂರು ದೊಡ್ಡ ದೊಡ್ಡ ಕಾಡಿನ ಜಾಗಗಳು, ಅದರಲ್ಲಿ ಅವನು ಎಲ್ಲಿ ಬೇಕಾದರೂ ಇರಬಹುದು. ಎಷ್ಟೋ ಜನ ಇದನ್ನು ಬಂದೂಕಿನ ಜಗಳ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ನೆಲ ಓದುವ ಪರೀಕ್ಷೆ. ಇಬ್ಬರೂ ಒಂದೇ ನೆಲದಲ್ಲಿ ಅಡಗಿದ್ದೀರಿ. ಅವನಿಗೆ ಆ ನೆಲ ಅಂಗೈ ಇದ್ದ ಹಾಗೆ.

ನಾನು ಅವತ್ತು ಮಧ್ಯಾಹ್ನ ಎರಡಕ್ಕೆ ಶುರು ಮಾಡಿ ಮುಗಿಸಿದಾಗ ಕತ್ತಲಾಗಿತ್ತು. ಮೊದಲ ಒಂದು ಗಂಟೆ ಅವನನ್ನೇ ಹುಡುಕಿದೆ, ಸಿಗಲಿಲ್ಲ. ಆಮೇಲೆ ಹುಡುಕುವುದು ಬಿಟ್ಟೆ. ನಾನಾಗಿದ್ದರೆ ಎಲ್ಲಿ ಮಲಗುತ್ತಿದ್ದೆ ಅಂತ ಯೋಚಿಸಿದೆ. ಎತ್ತರ ಇರಬೇಕು. ಕೆಳಗಿನ ದಾರಿ ಕಾಣಬೇಕು. ಬಿಸಿಲೂ ಬೀಳಬೇಕು, ಯಾಕೆಂದರೆ ಅವನು ಗಿಡದ ಹಾಗೆ ಬಿಸಿಲಿನಿಂದ ಶಕ್ತಿ ತುಂಬಿಕೊಳ್ಳುತ್ತಾನೆ. ಅಂಥ ಜಾಗ ಒಂದು ಬೆರಳೆಣಿಕೆಯಷ್ಟು. ಒಂದರ ಕೆಳಗೆ ಬಂದು ಥರ್ಮಲ್ ಗಾಗಲ್ಸ್ (ಶಾಖ ಕಾಣಿಸುವ ಕನ್ನಡಕ) ಹಾಕಿದೆ. ನೆಲದ ಮೇಲೆ ಬೆಚ್ಚನೆಯ ಹೆಜ್ಜೆ ಗುರುತು ಸಾಲಾಗಿ ಕಂಡವು. ಇನ್ನೂ ಆರಿರಲಿಲ್ಲ.

ಗಾಗಲ್ಸ್ ತೆಗೆದು, ದೂರದ ಸದ್ದು ಕೇಳಿಸುವ ಡೈರೆಕ್ಷನಲ್ ಮೈಕ್ ಹಿಡಿದೆ. ಬಂಡೆಯ ಆಚೆ ಉಸಿರು. ಮುದುಕರು ಮಲಗಿದಾಗ ಬರುವ ಎಳೆದ ಉಸಿರು. ಅಷ್ಟು ಹೊತ್ತು ನನ್ನನ್ನು ಕಾಡಿಸಿದವನು ಅಲ್ಲಿ ತೂಕಡಿಸುತ್ತಿದ್ದ. ಹತ್ತು ನಿಮಿಷ ತೆವಳಿ ಹಿಂದಿನಿಂದ ಹೋಗಿ ಬಂದೂಕು ತೋರಿಸಿ ನಿಲ್ಲಿಸಿದೆ. ಹಾಗೆ ಹಿಡಿದರೆ ಅವನ ಮಾಸ್ (ಪಾಚಿ) ಯೂನಿಫಾರ್ಮ್ ಸಿಗುತ್ತದೆ.

ಈ ಕಾಳಗದ ನಡುವೆ ಸೇವ್ ಮಾಡಿ ಒಂದು ವಾರ ಆಡದೆ ಬಿಟ್ಟರೆ ಅವನು ವಯಸ್ಸಾಗಿ ತಾನೇ ಸಾಯುತ್ತಾನೆ ಅನ್ನುವುದೂ ಎಲ್ಲರಿಗೂ ಗೊತ್ತು. ದಯವಿಟ್ಟು ಮೊದಲ ಸಲ ಹಾಗೆ ಮಾಡಬೇಡಿ. ಆ ಕಾಡಿನಲ್ಲಿ ಅವನ ಜೊತೆ ಒಂದು ಮಧ್ಯಾಹ್ನ ಕಳೆಯಿರಿ.


ರಾತ್ರಿಪಾಳಿ
@ಚಿಕ್ಕಿ ಓದುತ್ತಾ ಉಸಿರು ಬಿಗಿಹಿಡಿದಿದ್ದೆ. ನಾನು ಅವನನ್ನು ಗಡಿಬಿಡಿಯಲ್ಲಿ ಮುಗಿಸಿದ್ದೆ, ಈ ವಾರ ಮತ್ತೆ ಆಡುತ್ತೇನೆ. ಅವನ ಬಂದೂಕಿನ ದೂರದರ್ಶಕದ ಗಾಜು ಬಿಸಿಲಿಗೆ ಮಿಂಚುತ್ತದೆ, ಅದನ್ನೂ ಸೇರಿಸಿ. ನನ್ನಂಥವರಿಗೆ ಬಣ್ಣಕ್ಕಿಂತ ಆ ಮಿಂಚು ಸುಲಭ.


ಪಿಎಸ್2ಕಾಲ
ಅದಾದ ಮೇಲೆ ಬೆಟ್ಟ. ಕ್ರಾಸ್ನೊಗೋರ್ಯೆ. ಉದ್ದನೆಯ ಏಣಿ ಹತ್ತಿ ಮೇಲೆ ಬಂದರೆ ಹುಲ್ಲೂ ಇಲ್ಲ, ಮರವೂ ಇಲ್ಲ. ಇಷ್ಟು ದಿನ ಕಲಿತದ್ದೆಲ್ಲ ಕೈಬಿಟ್ಟ ಹಾಗೆ ಆಗುತ್ತದೆ. ಲೀಫ್ ಹಾಕಿಕೊಂಡೇ ಮೇಲೆ ಬಂದರೆ ಬಂಡೆ ಮೇಲೆ ಹಸಿರು ಚುಕ್ಕೆ ಇದ್ದ ಹಾಗೆ ಕಾಣುತ್ತೀರಿ. ಚಾಕೊ ಚಿಪ್, ಮುಖಕ್ಕೆ ಡೆಸರ್ಟ್ ಬಣ್ಣ. ಕಂದಕಗಳಿವೆ, ಅದರೊಳಗೇ ಸಾಗಿ. ಬೆಟ್ಟದಲ್ಲಿ ನೆರಳೇ ಹುಲ್ಲು ಅಂದುಕೊಳ್ಳಿ.

ಮುಂದಾಲೋಚನೆ ಇರುವವರಿಗೆ ಒಂದು: ಬೊಲ್ಶಾಯಾ ಪಾಸ್ಟ್ ಬೇಸ್‌ನಲ್ಲಿ ನಿಂತಿರುವ ಹಿಂಡ್ ಹೆಲಿಕಾಪ್ಟರ್‌ಗೆ ಟಿಎನ್‌ಟಿ ಸ್ಫೋಟಕ ಇಟ್ಟು ಉಡಾಯಿಸಿದರೆ ಬೆಟ್ಟದಲ್ಲಿ ಅದು ಬರುವುದಿಲ್ಲ. ಆಕಾಶದಿಂದ ನೋಡುವವನಿಗೆ ಬಂಡೆ ಮೇಲೆ ಅಡಗುವುದು ಬಲು ಕಷ್ಟ. ಹಾಗೇ ಅವರ ಊಟದ ಉಗ್ರಾಣ ಸುಟ್ಟರೆ ಆ ಸುತ್ತಿನ ಕಾವಲಿನವರು ಹಸಿದು ಸೊರಗುತ್ತಾರೆ. ಒಂದು ಜಾಗದಲ್ಲಿ ಮಾಡಿದ್ದು ಇನ್ನೊಂದು ಜಾಗದಲ್ಲಿ ಫಲ ಕೊಡುತ್ತದೆ.


ಕಾಡುಹಾದಿ
@ಪಿಎಸ್2ಕಾಲ ಹಿಂಡ್ ವಿಷಯದಲ್ಲಿ ನನಗೆ ಒಂದು ಹಿಂಜರಿಕೆ ಇದೆ. ಸ್ಫೋಟದ ಸದ್ದಿಗೆ ಕಾವಲಿನವರು ಎದ್ದು ಬರುತ್ತಾರೆ. ಸದ್ದಿಲ್ಲದೆ ಆಡುವವರಿಗೆ ಕಷ್ಟ. ಕಂದಕದ ಕೊನೆಯಲ್ಲಿ ಮೊದಲೇ ಅಡಗುವ ಜಾಗ ನೋಡಿಟ್ಟುಕೊಂಡು, ಆಮೇಲೆ ಒತ್ತಬೇಕು.

ಕೊನೆಯ ಹೂವಿನ ಬಯಲು ಯಾರೂ ಹೇಳಿಲ್ಲ. ರೊಕೊವೊಯ್ ಬೆರೆಗ್. ಪೂರ್ತಿ ಬಿಳಿ ಹೂವು, ಸೊಂಟದವರೆಗೆ. ಹತ್ತು ನಿಮಿಷ ಸಮಯ. ಅಲ್ಲಿ ಸ್ನೋ ಯೂನಿಫಾರ್ಮ್ ಹಾಕಿ. ಇಡೀ ಆಟದಲ್ಲಿ ಒಂದು ಕಡೆಯೂ ಹಿಮ ಬೀಳುವುದಿಲ್ಲ, ಆ ಬಿಳಿ ಬಟ್ಟೆ ಯಾಕೆ ಕೊಟ್ಟರು ಅಂತ ಕಾಲೇಜಿನಲ್ಲಿ ನಾನೂ ಗೆಳೆಯರೂ ವಾದ ಮಾಡಿದ್ದೆವು. ಕೊನೆಯ ನೆಲಕ್ಕೆ ಅದು. ಅದಕ್ಕಿಂತ ಜಾಸ್ತಿ ಇಲ್ಲಿ ಬರೆಯುವುದಿಲ್ಲ. ಹೊಸಬರು ತಾವೇ ಅಲ್ಲಿ ಹೋಗಿ ನಿಲ್ಲಲಿ.


ಮಾಸ್ಕೋಚಳಿ
ರೊಕೊವೊಯ್ ಬೆರೆಗ್ ಅಂದರೆ ವಿಧಿಯ ದಡ. ಅದಕ್ಕೂ ಮೊದಲು ಒಂದು ನದಿ ಬರುತ್ತದಲ್ಲ, ಅಡಗಲು ಆಗದ ನದಿ. ಸುಮ್ನೆ ನಡೆಯುತ್ತಾ ಹೋಗಬೇಕು. ದಾರಿಯುದ್ದಕ್ಕೂ ನೀವು ಕೊಂದವರು ಎದುರಿಗೆ ಬರುತ್ತಾರೆ. ಕಾಡುಹಾದಿಯವರೇ, ಯಾರನ್ನೂ ಕೊಲ್ಲದೆ ಆಡುತ್ತಿದ್ದೀರಿ ಅಂದಿರಿ. ನಿಮಗೆ ಆ ನದಿ ಹೇಗಿರುತ್ತದೆ ಅಂತ ಬಂದು ಹೇಳಿ. ನನ್ನದು ತುಂಬ ಉದ್ದವಾಗಿತ್ತು.


ಕಾಡುಹಾದಿ
@ಮಾಸ್ಕೋಚಳಿ ಅಲ್ಲಿಗೆ ಇನ್ನೂ ಬಂದಿಲ್ಲ ಸರ್, ಬೆಟ್ಟದಲ್ಲಿದ್ದೇನೆ. ಕಾಲೇಜಿನಲ್ಲಿ ಆಡಿದಾಗ ನನ್ನದೂ ಮುಗಿಯುತ್ತಲೇ ಇರಲಿಲ್ಲ. ಅದಕ್ಕೇ ಈ ಸಲ ಹೀಗೆ ಆಡುತ್ತಿರುವುದು.


ಹೊಸಬ24
ಒಂದು ವಾರ ಇಲ್ಲಿ ಬರಲಿಲ್ಲ, ಆಡುತ್ತಿದ್ದೆ. ಈಗ ಪೊನಿಜೋವ್ಯೆಯಲ್ಲಿದ್ದೇನೆ. ಕೆಳಪಾತ್ರ ಅಂತ ಮೊದಲೇ ಗೊತ್ತಿದ್ದರಿಂದ ನೀರಿಗೆ ಸಿದ್ಧನಾಗಿಯೇ ಬಂದೆ. ವಾಟರ್ ಯೂನಿಫಾರ್ಮ್ ಹಾಕಿದೆ. ನೀರಿನ ಮೇಲೆ ಹಾರುವ ತಟ್ಟೆಯಂಥ ಯಂತ್ರದಲ್ಲಿ ನಿಂತು ಒಬ್ಬ ಕಾವಲಿನವನು ಸುತ್ತುತ್ತಿದ್ದ. ಅದು ಹತ್ತಿರ ಬಂದಾಗಲೆಲ್ಲ ಮುಳುಗಿದೆ. ಉಸಿರಿನ ಪಟ್ಟಿ ಮುಗಿಯುತ್ತಾ ಬಂದಾಗ ಮರದ ಬೇರುಗಳ ನಡುವೆ ತಲೆ ಎತ್ತಿದೆ. ಮೂರು ಸಲ ಹಾಗೆ.

ನಾಲ್ಕನೇ ಸಲ ತಲೆ ಎತ್ತಿದಾಗ ದಡದಲ್ಲಿ ಒಬ್ಬ ನಿಂತಿದ್ದ, ಎರಡು ಮಾರು ದೂರ. ನನ್ನ ತಲೆ ಮೇಲೆ ಮೊಸಳೆ ಟೋಪಿ ಇತ್ತು. ಅವನು ನೀರಿನ ಕಡೆ ನೋಡಿದ. ನಾನು ಅಲುಗಾಡಲಿಲ್ಲ. ಅವನಿಗೆ ಮೊಸಳೆ ಕಂಡಿರಬೇಕು, ತಿರುಗಿ ಹೋದ.

ಮುಂದೆ ಉಗ್ರಾಣದ ಕಡೆ ಮೆಟ್ಟಿಲು ಇದೆ, ಒಳಗೆ ಎಲ್ಲ ಕಾಂಕ್ರೀಟು. ಅಲ್ಲಿಗೆ ಏನು ಹಾಕಲಿ?


ಸಂಪಿಗೆ_ರಸ್ತೆ
ಬಾಗಿಲ ಹತ್ತಿರ ನಿಂತು ಅಂಕಿ ನೋಡಿ ಆರಿಸಿ. ನೀರಿನಿಂದ ಬಂದಿದ್ದೀರಿ, ಮೊದಲು ಮೈಮೇಲೆ ಜಿಗಣೆ ಇದೆಯಾ ನೋಡಿಕೊಳ್ಳಿ. ಒಳಗೆ ಕಬ್ಬಿಣದ ಮೇಲೆ ಕಾಲಿಟ್ಟರೆ ಕಳ್ಳಹೆಜ್ಜೆ. ಅಲ್ಲೊಂದು ಎಸ್‌ವಿಡಿ, ದೂರಕ್ಕೆ ಗುರಿ ಇಟ್ಟು ಹೊಡೆಯುವ ಬಂದೂಕು, ಸಿಗುತ್ತದೆ, ಬಿಡದೆ ತೆಗೆದುಕೊಳ್ಳಿ.


ಹೊಸಬ24
ಎರಡು ಜಿಗಣೆ ಇದ್ದವು ಅಕ್ಕ. ಸುಟ್ಟೆ. ಒಳಗೆ ಹೋಗುತ್ತಿದ್ದೇನೆ.